ಬಂಡೆಯ ನೆತ್ತಿಯ ಪೈನ್ ಮರ

ಶಾಲೆಯ ಗೋಡೆಗೆ ಅಂಟಿಸುವ ಪಟಗಳಲ್ಲಿ, ಹೊಸ ವರ್ಷದ ಕ್ಯಾಲೆಂಡರುಗಳಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಒಂದು ಬಗೆಯ ಚಿತ್ರವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಸುತ್ತ ಬೋಳು ಬಂಡೆ, ಮೇಲೆ ಆಕಾಶ, ನಡುವೆ ಸೊಟ್ಟಗೆ ಬೆಳೆದ ಒಂದೇ ಒಂದು ಗಿಡ್ಡ ಮರ. ಕೆಳಗೆ ‘ಛಲ’ ಎಂದೋ ‘ಆತ್ಮವಿಶ್ವಾಸ’ ಎಂದೋ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಮಣ್ಣಿಲ್ಲ, ನೀರಿಲ್ಲ, ಆದರೂ ಮರ ನಿಂತಿದೆ ನೋಡಿ, ನೀವೂ ಹಾಗೇ ನಿಲ್ಲಬೇಕು ಎಂದು ಮಕ್ಕಳಿಗೆ ನೀತಿ ಹೇಳುವುದಕ್ಕೆ ಇದು ಬಲು ಅನುಕೂಲವಾದ ಚಿತ್ರ.

ಆದರೆ ಆ ಮರ ಯಾವುದು? ಎಲ್ಲಿಯದು? ಫೋಟೋ ತೆಗೆದ ಮೇಲೆ ಅದರ ಗತಿ ಏನಾಯಿತು? ಇದನ್ನು ಕೇಳುವವರು ಕಡಿಮೆ. ರಾಜರಿಗೆ, ಕೋಟೆಗಳಿಗೆ ಇರುವಂತೆ ಇಂಥ ಮರಗಳಿಗೂ ಇತಿಹಾಸ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಪೈನ್ ಮರದ ವಿಷಯದಲ್ಲಿ ಆ ಇತಿಹಾಸ ಫೋಟೋಗಳಲ್ಲೇ ಉಳಿದಿದೆ. 1867ರಲ್ಲಿ ಅದರ ಫೋಟೋ ತೆಗೆದರು, 1940ರಲ್ಲಿ ತೆಗೆದರು, ಅದು ಸತ್ತ ಮೇಲೂ ತೆಗೆದರು. 2003ರಲ್ಲಿ ಅದು ನೆಲಕ್ಕೆ ಬಿತ್ತು. ಈ ಕತೆಯನ್ನು ಸಾವಕಾಶವಾಗಿ ನೋಡಿದರೆ, ಕ್ಯಾಲೆಂಡರಿನ ಕೆಳಗೆ ಬರೆದ ನೀತಿಗಿಂತ ಬೇರೆಯದೇ ಒಂದು ಪಾಠ ಸಿಗುತ್ತದೆ.

ಮೊದಲು ಜಾಗದ ವಿಚಾರ. ಕ್ಯಾಲಿಫೋರ್ನಿಯಾದ ಪೂರ್ವ ಭಾಗದಲ್ಲಿ ಸಿಯೆರ್ರಾ ನೆವಾಡಾ ಎಂಬ ಪರ್ವತಸಾಲು ಇದೆ. ಅದರಲ್ಲಿ ಯೊಸೆಮಿಟಿ ಎಂಬ ಕಣಿವೆ. ಕಣಿವೆಯ ದಕ್ಷಿಣದ ಅಂಚಿನ ಮೇಲೆ ಬೋರಲು ಹಾಕಿದ ಬೋಗುಣಿಯ ಹಾಗೆ ಒಂದು ನುಣ್ಣನೆ ಬಂಡೆಗುಡ್ಡ ಇದೆ. ಅದರ ಹೆಸರು ಸೆಂಟಿನೆಲ್ ಡೋಮ್. ಎತ್ತರ 8,122 ಅಡಿ, ಅಂದರೆ 2,476 ಮೀಟರ್. ನೀಲಗಿರಿಯ ದೊಡ್ಡಬೆಟ್ಟ ನೋಡಿದವರು ಅದಕ್ಕಿಂತ ಸ್ವಲ್ಪ ಕಡಿಮೆ ಎಂದು ಲೆಕ್ಕ ಹಾಕಿಕೊಳ್ಳಬಹುದು. ಆ ಬಂಡೆಯ ನೆತ್ತಿಯ ಮೇಲೆ, ಸುತ್ತ ಎಲ್ಲೂ ಮರೆ ಇಲ್ಲದ ಕಡೆ, ನಮ್ಮ ಈ ಪೈನ್ ಮರ ಬೆಳೆದಿತ್ತು.

ನಾವಿರುವ ರಾಯದುರ್ಗದ ಕಡೆಯವರಿಗೆ ಇಂಥ ಬಂಡೆ ಹೊಸದಲ್ಲ. ನಮ್ಮ ಕೋಟೆಬೆಟ್ಟವೂ ಗ್ರಾನೈಟು, ಅದೂ ಗ್ರಾನೈಟಿನ ಜಾತಿಯ ಕಲ್ಲೇ. ಅಲ್ಲಿ ಪೈನ್, ಇಲ್ಲಿ ಅರಳಿ, ಬಸರಿ, ಗೋಣಿ. ಮರ ಬೇರೆಯಾದರೂ ಕಲ್ಲಿನ ಮೇಲೆ ಮರ ಹುಟ್ಟುವ ಬಗೆ ಬಹಳ ಬೇರೆಯಲ್ಲ. ಬೆಟ್ಟದ ಸಂದಿನಲ್ಲಿ ನಿಂತ ಅರಳಿಗಿಡ ಕಂಡರೆ ನಮ್ಮ ಮಕ್ಕಳು “ಸಾರ್, ಇದಕ್ಕೆ ಊಟ ಎಲ್ಲಿಂದ ಬರುತ್ತೆ?” ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ತಿಳಿದರೆ ಮುಂದಿನ ಕತೆ ಸುಲಭವಾಗುತ್ತದೆ.

ಗ್ರಾನೈಟು ಭೂಮಿಯ ಆಳದಲ್ಲಿ, ಮೇಲಿನ ಭಾರಕ್ಕೆ ಅದುಮಿಕೊಂಡು ಹುಟ್ಟುವ ಕಲ್ಲು. ಲಕ್ಷಾಂತರ ವರ್ಷಗಳಲ್ಲಿ ಮೇಲಿನ ಹೊದಿಕೆ ಸವೆದು ಹೋದಾಗ ಭಾರ ಇಳಿಯುತ್ತದೆ, ಕಲ್ಲು ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದಾಗ ಈರುಳ್ಳಿಯ ಪದರಗಳಂತೆ ಹಾಳೆ ಹಾಳೆಯಾಗಿ ಬಿಡುತ್ತದೆ. ಯೊಸೆಮಿಟಿಯ ದುಂಡು ಬೆಟ್ಟಗಳು ಆದದ್ದು ಹೀಗೆ. ಈ ಪದರಗಳ ನಡುವೆ, ಅಡ್ಡ ಉದ್ದ ಸೀಳುಗಳಿರುತ್ತವೆ. ಸೀಳಿನಲ್ಲಿ ಗಾಳಿ ತಂದ ದೂಳು, ಪುಡಿಯಾದ ಕಲ್ಲು, ಕಲ್ಲುಹೂವಿನ ಚೂರು, ಒಣಗಿದ ಎಲೆ ಸೇರಿ ಬೊಗಸೆಯಷ್ಟು ಮಣ್ಣಾಗುತ್ತದೆ. ನಮ್ಮಲ್ಲಿ ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿ ಬೀಜ, ಅಲ್ಲಿ ರೆಕ್ಕೆಯಿರುವ ಪೈನ್ ಬೀಜ ಆ ಮಣ್ಣಿನಲ್ಲಿ ಮೊಳೆಯುತ್ತದೆ.

ಸಾವಿರ ಬೀಜ ಬಿದ್ದರೆ ಮೊಳೆಯುವುದು ಕೆಲವೇ ಕೆಲವು. ಮೊಳೆತದ್ದರಲ್ಲೂ ಮೊದಲ ಬೇಸಗೆ ದಾಟುವುದು ಅಪರೂಪ. ದಾಟಿದ ಗಿಡದ ಬೇರು ಸೀಳನ್ನು ಹಿಡಿದು ಕೆಳಗೆ ಇಳಿಯುತ್ತದೆ. ಯೊಸೆಮಿಟಿಯ ಎತ್ತರದಲ್ಲಿ ಬೇಸಗೆಯ ಮಳೆ ಬಹಳ ಕಡಿಮೆ, ವರ್ಷದ ನೀರೆಲ್ಲ ಹೆಚ್ಚಾಗಿ ಚಳಿಗಾಲದ ಹಿಮವಾಗಿ ಬೀಳುತ್ತದೆ. ಆ ಹಿಮ ವಸಂತದಲ್ಲಿ ಕರಗಿ ಸೀಳಿನೊಳಗೆ ಇಂಗುತ್ತದೆ. ಕಲ್ಲಿನೊಳಗೆ ಉಳಿದ ಆ ತೇವವೇ ಬೇಸಗೆಯ ಉದ್ದಕ್ಕೂ ಮರದ ಜೀವ. ಹೊರಗಿನಿಂದ ನೋಡಿದವರಿಗೆ ಬರೀ ಕಲ್ಲು. ಒಳಗೆ ಒಂದು ಸಣ್ಣ ಉಗ್ರಾಣ.

ಈ ಮರದ ಜಾತಿಗೆ ಜೆಫ್ರಿ ಪೈನ್ ಎಂದು ಹೆಸರು. ಮೂರು ಮೂರು ಸೂಜಿ ಎಲೆಗಳು ಒಂದು ಕಟ್ಟಿನಲ್ಲಿ ಇರುತ್ತವೆ. ತೊಗಟೆಯ ಬಿರುಕಿಗೆ ಮೂಗು ಹಚ್ಚಿದರೆ ವೆನಿಲ್ಲಾದಂಥ ವಾಸನೆ ಬರುತ್ತದೆ. ಒಳ್ಳೆಯ ನೆಲದಲ್ಲಿ 25ರಿಂದ 40 ಮೀಟರ್ ಎತ್ತರಕ್ಕೆ ನೆಟ್ಟಗೆ ಬೆಳೆಯುವ ಮರ ಇದು. ಜಾನ್ ಜೆಫ್ರಿ ಎಂಬ ಸ್ಕಾಟ್ಲೆಂಡಿನ ಯುವಕನ ಹೆಸರು ಅದಕ್ಕೆ ಬಂದಿದೆ. ಬೀಜ ಸಂಗ್ರಹಿಸಿ ತರಲು ಎಡಿನ್‌ಬರೋದ ಒಂದು ಸಂಘ 1850ರಲ್ಲಿ ಅವನನ್ನು ಅಮೆರಿಕದ ಪಶ್ಚಿಮ ತೀರಕ್ಕೆ ಕಳಿಸಿತು. 1852ರಲ್ಲಿ ಅವನು ಈ ಪೈನನ್ನು ಕಂಡ. 1854ರಲ್ಲಿ ಅವನು ಕಾಣೆಯಾದ, ಮತ್ತೆ ಸಿಗಲೇ ಇಲ್ಲ. ಮನುಷ್ಯ ಹೋದ, ಹೆಸರು ಮರದಲ್ಲಿ ಉಳಿಯಿತು.

ಸೆಂಟಿನೆಲ್ ಡೋಮಿನ ಮರ ಮಾತ್ರ ತನ್ನ ಜಾತಿಯ ಎತ್ತರದ ಹತ್ತಿರಕ್ಕೂ ಹೋಗಲಿಲ್ಲ. ಬೆಟ್ಟದ ನೆತ್ತಿಯ ಗಾಳಿ ಒಂದೇ ಕಡೆಯಿಂದ ಬೀಸುತ್ತಿದ್ದರೆ ಆ ಕಡೆಯ ಚಿಗುರುಗಳನ್ನು ಹಿಮದ ಹರಳು, ಮರಳು ಬಡಿದು ಬಡಿದು ಸಾಯಿಸುತ್ತವೆ. ಗಾಳಿಗೆ ಬೆನ್ನು ಮಾಡಿದ ಕಡೆಯ ಕೊಂಬೆಗಳು ಮಾತ್ರ ಉಳಿಯುತ್ತವೆ. ಹೀಗಾಗಿ ಮರ ಒಂದು ಪಕ್ಕಕ್ಕೆ ಬಾಚಿದ ಕೂದಲಿನ ಹಾಗೆ ಕಾಣುತ್ತದೆ. ನಮ್ಮ ಕಣ್ಣಿಗೆ ಅದು ನೃತ್ಯದ ಭಂಗಿ. ಮರದ ಪಾಲಿಗೆ ಅದು ಸತ್ತ ಚಿಗುರುಗಳ ಲೆಕ್ಕ.

ಇನ್ನು ಮೊದಲ ಫೋಟೋ ತೆಗೆದವರ ವಿಚಾರ. ಕಾರ್ಲ್‌ಟನ್ ವಾಟ್ಕಿನ್ಸ್ 1829ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿ ಫೋಟೋ ಕೆಲಸ ಕಲಿತರು. 1861ರಲ್ಲಿ ಯೊಸೆಮಿಟಿಗೆ ಹೋದಾಗ ಅವರ ಬಳಿ ಇದ್ದ ಕ್ಯಾಮೆರಾ ಎಷ್ಟು ದೊಡ್ಡದೆಂದರೆ, ಅದಕ್ಕೆ ಹಾಕುವ ಗಾಜಿನ ಹಲಗೆಯೇ 18 ಇಂಚು ಅಗಲ, 22 ಇಂಚು ಉದ್ದ! ಆಗ ಚಿತ್ರವನ್ನು ಹಿಗ್ಗಿಸಿ ಅಚ್ಚು ಹಾಕುವುದು ಸುಲಭವಿರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಗಾಜು ಬೇಕು.

ಈಗ ಮೊಬೈಲಿನಲ್ಲಿ ಒಂದು ಚಿಟಿಕೆಯಲ್ಲಿ ಫೋಟೋ ತೆಗೆಯುವ ನಮ್ಮ ಮಕ್ಕಳಿಗೆ ಆಗಿನ ಕೆಲಸವನ್ನು ಹೇಳಲೇಬೇಕು. ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಹಸಿ ಗಾಜಿನ ವಿಧಾನ ಅದು. ಮೊದಲು ಗಾಜನ್ನು ಕಲೆಯಿಲ್ಲದಂತೆ ಒರೆಸಬೇಕು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸಮನಾಗಿ ಹರಿಯಬಿಡಬೇಕು. ಕತ್ತಲೆಯ ಡೇರೆಯೊಳಗೆ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಬೆಳಕು ತೋರಿಸಬೇಕು. ಆರುವುದಕ್ಕೆ ಮುಂಚೆ ಡೇರೆಗೆ ಓಡಿ ತೊಳೆಯಬೇಕು. ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಗಾಜು, ರಾಸಾಯನಿಕ, ಡೇರೆ, ತೊಳೆಯುವ ನೀರು ಎಲ್ಲವನ್ನೂ ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಆ ದಾರಿಯಲ್ಲಿ ಏರಬೇಕು. ಗಾಳಿ ಬೀಸಿ ಕೊಂಬೆ ಅಲುಗಿದರೆ ಚಿತ್ರ ಕಲಸಿ ಹೋಗುತ್ತಿತ್ತು.

ವಾಟ್ಕಿನ್ಸರ 1861ರ ಚಿತ್ರಗಳನ್ನು 1862ರ ಕೊನೆಗೆ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದರು. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಯೊಸೆಮಿಟಿ ಕಣ್ಣಾರೆ ಕಾಣದ ಜನ ಅದನ್ನು ಚಿತ್ರದಲ್ಲಿ ಕಂಡರು. ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್ ಕಣಿವೆಯನ್ನು ಸಾರ್ವಜನಿಕರಿಗಾಗಿ ಉಳಿಸುವ ಮಸೂದೆ ತಂದರು. 1864ರ ಜೂನ್ 30ರಂದು ಅಧ್ಯಕ್ಷ ಲಿಂಕನ್ ಅದಕ್ಕೆ ಸಹಿ ಹಾಕಿದರು. ಆ ಕಾನೂನಿನ ಹಿಂದೆ ವಾಟ್ಕಿನ್ಸರ ಚಿತ್ರಗಳ ಪ್ರಭಾವವೂ ಇತ್ತೆಂದು ಇತಿಹಾಸಕಾರರು ಒಪ್ಪುತ್ತಾರೆ. ಮುಂದೆ 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. ವಾಟ್ಕಿನ್ಸರು ಸೆಂಟಿನೆಲ್ ಡೋಮಿನ ಪೈನ್ ಮರದ ಫೋಟೋ ತೆಗೆದದ್ದು ಕಾನೂನು ಬಂದ ಮೂರು ವರ್ಷಕ್ಕೆ, 1867ರಲ್ಲಿ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆ ಚಿತ್ರಗಳಲ್ಲಿ ಕಣಿವೆ ಯಾರೂ ಇಲ್ಲದ ಜಾಗದಂತೆ ಕಾಣುತ್ತದೆ. ನಿಜವಾಗಿ ಅಲ್ಲಿ ಅಹ್ವಾನೀಚಿ ಎಂಬ ಮೂಲನಿವಾಸಿಗಳು ತಲೆತಲಾಂತರದಿಂದ ಬಾಳಿದ್ದರು. 1851ರ ಮಾರ್ಚಿನಲ್ಲಿ ಮಾರಿಪೋಸಾ ದಳ ಎಂಬ ಸಶಸ್ತ್ರ ಪಡೆ ಕಣಿವೆಗೆ ನುಗ್ಗಿ ಅವರ ಗುಡಿಸಲುಗಳಿಗೆ, ಕೂಡಿಟ್ಟ ಆಹಾರಕ್ಕೆ ಬೆಂಕಿ ಇಟ್ಟಿತು. ಅವರ ಮುಖಂಡ ತೆನಾಯ. ವಾಟ್ಕಿನ್ಸರು ಮೊದಲ ಸಲ ಬಂದದ್ದು ಆ ಘಟನೆಯ ಹತ್ತು ವರ್ಷದ ನಂತರ. ಒಂಟಿ ಮರ, ಖಾಲಿ ಬೆಟ್ಟ ನೋಡಿದಾಗ ಅದು ಖಾಲಿಯಾದದ್ದು ಹೇಗೆ ಎಂದೂ ಕೇಳಬೇಕು. ಚಿತ್ರ ಸುಳ್ಳು ಹೇಳುವುದಿಲ್ಲ, ಆದರೆ ಚೌಕಟ್ಟಿನ ಹೊರಗಿನದನ್ನು ಹೇಳುವುದೂ ಇಲ್ಲ.

ವಾಟ್ಕಿನ್ಸರ ಕೊನೆಗಾಲ ಕಷ್ಟದ್ದು. 1870ರ ದಶಕದಲ್ಲಿ ಸಾಲಕ್ಕೆ ಸಿಕ್ಕಿ ತಮ್ಮ ಗ್ಯಾಲರಿಯನ್ನು, ಗಾಜಿನ ನೆಗೆಟಿವ್‌ಗಳನ್ನು ಕಳೆದುಕೊಂಡರು. ಅವು ಇನ್ನೊಬ್ಬ ಫೋಟೋಗ್ರಾಫರನ ಕೈ ಸೇರಿ ಅವನ ಹೆಸರಿನಲ್ಲೇ ಮಾರಾಟವಾದವು. ವಾಟ್ಕಿನ್ಸರು ಮತ್ತೆ ಹೋಗಿ ಅವೇ ಜಾಗಗಳ ಚಿತ್ರ ತೆಗೆದರು. 1906ರ ಏಪ್ರಿಲ್ 18ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪ ಮತ್ತು ಬೆಂಕಿಯಲ್ಲಿ ಉಳಿದದ್ದೂ ಹಾಳಾಯಿತು. ಅಷ್ಟರಲ್ಲಿ ಕಣ್ಣೂ ಹೋಗಿತ್ತು. 1910ರಲ್ಲಿ ಅವರನ್ನು ನಾಪಾ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1916ರಲ್ಲಿ ಅಲ್ಲಿಯೇ ತೀರಿಕೊಂಡರು. ಊರೂರಿನ ಸಂಗ್ರಹಗಳಲ್ಲಿ ಆಗಲೇ ಸೇರಿಹೋಗಿದ್ದ ಅಚ್ಚಿನ ಪ್ರತಿಗಳಿಂದಾಗಿ ಅವರ ಕೆಲಸ ಇಂದು ನಮಗೆ ಸಿಗುತ್ತಿದೆ.

ಅದೇ 1916ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹದಿನಾಲ್ಕು ವರ್ಷದ ಹುಡುಗನೊಬ್ಬ ಅಪ್ಪ ಅಮ್ಮನ ಜೊತೆ ಮೊದಲ ಸಲ ಯೊಸೆಮಿಟಿಗೆ ಬಂದ. ಕೈಯಲ್ಲಿ ಕೊಡಾಕ್ ಕಂಪನಿಯ ಪುಟ್ಟ ಬಾಕ್ಸ್ ಬ್ರೌನಿ ಕ್ಯಾಮೆರಾ. ಆ ಹುಡುಗನೇ ಆನ್ಸೆಲ್ ಆಡಮ್ಸ್. ಮುಂದೆ ಕಪ್ಪು ಬಿಳುಪು ಫೋಟೋಗ್ರಫಿಗೆ ಅವರ ಹೆಸರೇ ಗುರುತು ಎನ್ನುವಷ್ಟು ದೊಡ್ಡವರಾದರು. 1902ರಲ್ಲಿ ಹುಟ್ಟಿದ ಅವರು 1984ರಲ್ಲಿ ತೀರಿಕೊಳ್ಳುವವರೆಗೂ ಯೊಸೆಮಿಟಿಯ ನಂಟು ಬಿಡಲಿಲ್ಲ.

1940ರಲ್ಲಿ ಆಡಮ್ಸರು ತೆಗೆದ ಜೆಫ್ರಿ ಪೈನಿನ ಚಿತ್ರ ಜಗತ್ತಿಗೆಲ್ಲ ಪರಿಚಯವಾಯಿತು. ವಾಟ್ಕಿನ್ಸರ ಚಿತ್ರದಿಂದ ಅದಕ್ಕೆ 73 ವರ್ಷದ ಅಂತರ. ಫೋಟೋಗ್ರಾಫರು ಬದಲಾದರು, ಹಸಿ ಗಾಜು ಹೋಗಿ ಫಿಲ್ಮ್ ಬಂತು, ಎರಡು ಯುದ್ಧಗಳ ನಡುವಿನ ಕಾಲ ಕಳೆಯಿತು, ಮರ ಮಾತ್ರ ಅಲ್ಲೇ ಇತ್ತು. ಆಡಮ್ಸರ ಚಿತ್ರ ನೋಡಿದವರಿಗೆ ತಾವೂ ಆ ಮರವನ್ನು ನೋಡಬೇಕು, ತಾವೂ ಒಂದು ಫೋಟೋ ತೆಗೆಯಬೇಕು ಎನಿಸಿತು. ರಸ್ತೆಯಿಂದ ಬೆಟ್ಟದ ನೆತ್ತಿಗೆ ಎರಡು ಕಿಲೋಮೀಟರಿಗೂ ಕಡಿಮೆ ನಡಿಗೆ. ಹೀಗಾಗಿ ಅದು ಜಗತ್ತಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಮರಗಳ ಸಾಲಿಗೆ ಸೇರಿತು.

ಆಮೇಲೆ ಬರ ಬಂತು. 1976 ಮತ್ತು 1977, ಸತತ ಎರಡು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಹಿಮ ಬೀಳಬೇಕಾದಷ್ಟು ಬೀಳಲಿಲ್ಲ. ಆ ರಾಜ್ಯದ ದಾಖಲೆಯಲ್ಲೇ 1977 ಅತ್ಯಂತ ಒಣ ವರ್ಷಗಳಲ್ಲಿ ಒಂದು. ಹಿಮವಿಲ್ಲದಿದ್ದರೆ ಸೀಳಿನ ಉಗ್ರಾಣ ತುಂಬುವುದಿಲ್ಲ. ಬರಗಾಲ ಎಂದರೆ ಏನೆಂದು ಅನಂತಪುರ ಜಿಲ್ಲೆಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷವನ್ನು ಹೇಗೋ ತಳ್ಳಬಹುದು, ಕೈ ಸೋಲುವುದು ಎರಡನೆಯ ವರ್ಷದಲ್ಲಿ. ಮರ ಬಾಡುತ್ತಿರುವುದು ಕಂಡು ಬಕೆಟ್ಟುಗಳಲ್ಲಿ ನೀರು ಹೊತ್ತು ತಂದು ಹಾಕಿದರು. ಆದರೂ ಮರ ಉಳಿಯಲಿಲ್ಲ. ತಲೆಮಾರುಗಳ ಗಾಳಿ, ಹಿಮ, ಸಿಡಿಲುಗಳನ್ನು ತಾಳಿಕೊಂಡ ಮರ ಎರಡು ವರ್ಷದ ನೀರಿನ ಕೊರತೆಗೆ ಸತ್ತಿತು.

ಸತ್ತ ಮೇಲೂ ಅದು ಇಪ್ಪತ್ತಾರು ವರ್ಷ ನಿಂತೇ ಇತ್ತು. ರಾಳ ತುಂಬಿದ ಗಟ್ಟಿ ಕಟ್ಟಿಗೆ, ಒಣ ಗಾಳಿ, ಚಳಿ ಇವುಗಳಿಂದಾಗಿ ಕೊಳೆಯುವುದು ನಿಧಾನ. ಎಲೆ ಉದುರಿ, ತೊಗಟೆ ಸುಲಿದು ಬೆಳ್ಳಗಾದ ಆ ಅಸ್ಥಿಯನ್ನೂ ಜನ ಬಂದು ಫೋಟೋ ತೆಗೆದರು. 2003ರ ಆಗಸ್ಟಿನಲ್ಲಿ ಅದು ಉರುಳಿತು.

ಈಗ ನಾವು ಮೊದಲು ಹೇಳಿದ ನೀತಿಗೆ ಬರೋಣ. ‘ಮಣ್ಣಿಲ್ಲ, ನೀರಿಲ್ಲ, ಆದರೂ ನಿಂತಿದೆ’ ಎಂಬ ಮಾತು ಈ ಮರದ ಮಟ್ಟಿಗೆ ನಿಜವಲ್ಲ. ಮಣ್ಣಿತ್ತು, ಸೀಳಿನೊಳಗೆ. ನೀರಿತ್ತು, ಕಲ್ಲಿನ ಹೊಟ್ಟೆಯಲ್ಲಿ. ಅದು ಇರುವವರೆಗೆ ಮರ ಇತ್ತು. ಅದು ಹೋದಾಗ ಮರವೂ ಹೋಯಿತು. ಮರಕ್ಕೆ ಗಟ್ಟಿತನ ಇತ್ತು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಗಟ್ಟಿತನ ಎಂದರೆ ಏನೂ ಇಲ್ಲದೆ ಬದುಕುವುದಲ್ಲ, ಇರುವ ಸ್ವಲ್ಪದರಲ್ಲಿ ಬದುಕುವುದು. ಇವೆರಡರ ನಡುವೆ ಬಹಳ ಅಂತರವಿದೆ.

ಬೇರೆ ಎರಡು ಒಂಟಿ ಮರಗಳೂ ಇದೇ ಮಾತು ಹೇಳುತ್ತವೆ. ಒಂದು ಆಫ್ರಿಕಾದ ನೈಜರ್ ದೇಶದ ತೆನೆರೆ ಮರುಭೂಮಿಯದು. ಅಲ್ಲಿ ನಮ್ಮ ಜಾಲಿಯ ಬಳಗದ ಒಂದೇ ಒಂದು ಮರ ಇತ್ತು, ಸುತ್ತ ನೂರಾರು ಕಿಲೋಮೀಟರ್ ಬೇರೆ ಮರವಿಲ್ಲ. ಪ್ರಯಾಣಿಕರ ಒಂಟೆಸಾಲುಗಳಿಗೆ ಅದೇ ದಾರಿಯ ಗುರುತು. ಮರಳಿನಲ್ಲಿ ಅದು ಪವಾಡದಂತೆ ಬದುಕಿದೆ ಎಂದು ಜನ ತಿಳಿದಿದ್ದರು. 1938-39ರ ಚಳಿಗಾಲದಲ್ಲಿ ಅದರ ಪಕ್ಕ ಬಾವಿ ತೋಡಿದಾಗ ಅದರ ಬೇರು 30 ಮೀಟರಿಗಿಂತ ಹೆಚ್ಚು ಆಳದಲ್ಲಿ ಅಂತರ್ಜಲ ಮುಟ್ಟಿದ್ದು ಕಂಡಿತು. ಪವಾಡವಲ್ಲ, ನೀರು! 1973ರಲ್ಲಿ ಲಾರಿಯೊಂದು ಗುದ್ದಿ ಮರ ಬಿತ್ತು. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದ ಒಂದೇ ಮರಕ್ಕೆ ಗುದ್ದಿದ್ದರು. ಅದರ ಕಾಂಡವನ್ನು ರಾಜಧಾನಿ ನಿಯಾಮಿಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಇನ್ನೊಂದು ಕ್ಯಾಲಿಫೋರ್ನಿಯಾದ ಕಡಲ ಅಂಚಿನದು. ಪೆಬಲ್ ಬೀಚ್ ಎಂಬಲ್ಲಿ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಒಂದು ಸೈಪ್ರೆಸ್ ಮರ ನಿಂತಿದೆ. ಇದರ ಫೋಟೋ ತೆಗೆಯದ ಪ್ರವಾಸಿಗನಿಲ್ಲ. ಆದರೆ ಹತ್ತಿರದಿಂದ ನೋಡಿದರೆ ಅದನ್ನು ಉಕ್ಕಿನ ತಂತಿಗಳಿಂದ ಬಿಗಿದು ಹಿಡಿದಿರುವುದು ಕಾಣುತ್ತದೆ. ಬುಡಕ್ಕೆ ಕಲ್ಲಿನ ಕಟ್ಟೆ, ಜನ ಹತ್ತಿರ ಹೋಗದಂತೆ ಬೇಲಿ. 1984ರಲ್ಲಿ ಯಾರೋ ಅದಕ್ಕೆ ಬೆಂಕಿ ಹಚ್ಚಿದರು. 2019ರ ಫೆಬ್ರವರಿಯ ಬಿರುಗಾಳಿಯಲ್ಲಿ ದೊಡ್ಡ ಕೊಂಬೆಯೊಂದು ಮುರಿಯಿತು. ಆದರೂ ಮರ ಉಳಿದಿದೆ. ಛಲದ ಗುರುತೆಂದು ಹೊಗಳುವ ಆ ಮರವನ್ನು ಉಳಿಸಿರುವುದರಲ್ಲಿ ಮನುಷ್ಯರ ಆರೈಕೆಯ ಪಾಲೂ ಇದೆ. ಇದರಿಂದ ಮರಕ್ಕೇನೂ ಅವಮಾನವಿಲ್ಲ.

ಹಾಗಾದರೆ ಫೋಟೋದಿಂದ ಏನು ಪ್ರಯೋಜನ? ಇದೆ. ವಾಟ್ಕಿನ್ಸ್, ಆಡಮ್ಸ್ ಇಲ್ಲದಿದ್ದರೆ ಸೆಂಟಿನೆಲ್ ಡೋಮಿನ ಮೇಲೆ ಅಂಥ ಮರವೊಂದು ಇತ್ತೆಂದು ನಾವು ಇಲ್ಲಿ ಕೂತು ತಿಳಿಯುತ್ತಿರಲಿಲ್ಲ. ಒಂದು ಫೋಟೋ ಅಂದ ತೋರಿಸುತ್ತದೆ. ಅದೇ ಜಾಗದ, ಬೇರೆ ಬೇರೆ ವರ್ಷದ ನಾಲ್ಕು ಫೋಟೋ ಇತಿಹಾಸ ತೋರಿಸುತ್ತವೆ. ಅಮೆರಿಕದ ಮಾರ್ಕ್ ಕ್ಲೆಟ್, ಬೈರನ್ ವುಲ್ಫ್ ಎಂಬ ಫೋಟೋಗ್ರಾಫರುಗಳು ಲೇಖಕಿ ರೆಬೆಕಾ ಸೋಲ್ನಿಟ್ ಜೊತೆ ಸೇರಿ ಯೊಸೆಮಿಟಿಯಲ್ಲಿ ಹಳೆಯ ಚಿತ್ರಗಳನ್ನು ತೆಗೆದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದು 2005ರಲ್ಲಿ ಪುಸ್ತಕ ಮಾಡಿದರು. ಕಾಡು ಎಲ್ಲಿ ದಟ್ಟವಾಯಿತು, ಎಲ್ಲಿ ಮರ ಹೋಯಿತು, ಎಲ್ಲಿ ಏನೂ ಬದಲಾಗಲಿಲ್ಲ ಎಂಬುದು ಇಂಥ ಕೆಲಸದಿಂದ ಗೊತ್ತಾಗುತ್ತದೆ.

ಇದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ನಿಮ್ಮೂರಿನ ಬೆಟ್ಟದಲ್ಲೂ ಕಲ್ಲಿನ ಸಂದಿನಲ್ಲಿ ಬೆಳೆದ ಮರ ಒಂದಾದರೂ ಇರುತ್ತದೆ. ಮಕ್ಕಳೊಂದಿಗೆ ಹೋದಾಗ ಫೋಟೋ ತೆಗೆಯಿರಿ. ಎತ್ತರ ತಿಳಿಯುವಂತೆ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿರಿ. ಕೊಂಬೆ, ಆಕಾಶ ಮಾತ್ರವಲ್ಲ, ಬುಡ ಮತ್ತು ಬೇರು ಇಳಿದ ಸೀಳಿನದೂ ಒಂದು ಚಿತ್ರ ಇರಲಿ. ಯಾವ ಮರ, ಯಾವ ಬೆಟ್ಟ, ಎಲ್ಲಿ ನಿಂತು ತೆಗೆದದ್ದು, ತಾರೀಖು ಎಷ್ಟು, ಆ ವರ್ಷ ಮಳೆ ಹೇಗಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಸಿರಿ. ಬೇರಿನ ಸುತ್ತಲಿನ ಮಣ್ಣನ್ನು ತುಳಿಯಬಾರದು, ಕೊಂಬೆ ಹಿಡಿದು ಜೋಲಾಡಬಾರದು ಎಂದು ಮೊದಲೇ ಹೇಳಿರಿ. ಆ ಬೊಗಸೆ ಮಣ್ಣು ಸೇರಲು ನಮ್ಮ ಆಯುಷ್ಯಕ್ಕಿಂತ ಹೆಚ್ಚು ಕಾಲ ಹಿಡಿದಿರಬಹುದು.

ಐದು ವರ್ಷ ಬಿಟ್ಟು ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು ಮತ್ತೊಂದು ಚಿತ್ರ ತೆಗೆಯಬೇಕು. ಆಗ ಐದನೇ ತರಗತಿಯ ಮಕ್ಕಳು ಹತ್ತನೇ ತರಗತಿಗೆ ಬಂದಿರುತ್ತಾರೆ. ಎರಡು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ಏನು ಬದಲಾಗಿದೆ ಎಂದು ಅವರನ್ನೇ ಕೇಳಿ. ಕೊಂಬೆ ಒಣಗಿದ್ದರೆ ಏಕೆ ಒಣಗಿತು ಎಂದು ಹುಡುಕಲಿ. ಅಗತ್ಯವಿದ್ದರೆ ಬೇಸಗೆಯಲ್ಲಿ ಎರಡು ಕೊಡ ನೀರು ಹೊತ್ತು ಹಾಕಲಿ. ಸೆಂಟಿನೆಲ್ ಡೋಮಿನ ಮೇಲೆ ಜನ ನೀರು ಹೊತ್ತಾಗ ಹೊತ್ತು ಮೀರಿತ್ತು. ನಮ್ಮ ಬೆಟ್ಟದ ಮರಕ್ಕೆ ಇನ್ನೂ ಮೀರಿಲ್ಲ.